ಟ್ರೇಯಲ್ಲಿ ಮೂವತ್ತೆಂಟು ಫೋನು

ಗಾಯಕ್ಕೆ ಪಟ್ಟಿ ಕಟ್ಟುವಾಗ ಹತ್ತಿ, ಕತ್ತರಿ ಇಡುವ ಸ್ಟೀಲ್ ಟ್ರೇ ಅದು. ಆ ಸೋಮವಾರ ಅದರಲ್ಲಿ ನಮ್ಮ ಫೋನುಗಳು ಮಲಗಿದ್ದವು. ಮೂವತ್ತೆಂಟು. ಕೆಲವು ಬೋರಲು, ಕೆಲವು ಅಂಗಾತ, ಒಂದೆರಡು ನಡುನಡುವೆ ಗುರ್ರ್ ಎಂದು ನಡುಗುತ್ತಿದ್ದವು.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ ಇಂದ್ರವ್ವ, ಚಿಕ್ಕಂದಿನಲ್ಲಿ ಒಂದು ಕಥೆ ಹೇಳುತ್ತಿದ್ದಳು. ರಾಕ್ಷಸನ ಜೀವ ಅವನ ಮೈಯೊಳಗಿರಲಿಲ್ಲ, ಏಳು ಕೊಳ್ಳದಾಚೆ ಪಂಜರದ ಗಿಳಿಯಲ್ಲಿತ್ತು ಅಂತ. ಟ್ರೇ ನೋಡುತ್ತ ನಿಂತವಳಿಗೆ ಮೂವತ್ತೆಂಟು ಗಿಳಿ ಕಂಡವು. ನಮ್ಮ ಪ್ರಿನ್ಸಿಪಾಲ್ ಮನೀಷಾ ಮೇಡಂ ಒಂದೊಂದನ್ನೇ ಕುತ್ತಿಗೆ ಹಿಡಿದಂತೆ ಎತ್ತಿ, "ಯಾರದಿದು? ತೆಗಿ ಲಾಕು," ಎನ್ನುತ್ತಿದ್ದರು.

ಅದು ಎರಡು ಸಾವಿರದ ಹದಿನಾರನೇ ಇಸವಿ. ಜಮಖಂಡಿಯಲ್ಲಿ ನಾವು ನರ್ಸಿಂಗ್ ಕೊನೆಯ ವರ್ಷದ ಹುಡುಗಿಯರು. ಮುಂದಿನ ವಾರ ಪರೀಕ್ಷೆ. ಬೆಳಿಗ್ಗೆ ಬನಹಟ್ಟಿಯಿಂದ ಒಬ್ಬ ಗಂಡಸು ಬಂದು ಮೇಡಂ ಟೇಬಲ್ಲಿಗೆ ಎರಡೂ ಕೈಯೂರಿ ನಿಂತಿದ್ದ. ನಾವು ಬಾಗಿಲ ಸಂದಿಯಿಂದ ಕೇಳಿದೆವು.

"ನನ್ನ ತಂಗಿಗೆ ಫಿಟ್ಸ್ ಬರ್ತಾವಂತ ನಾಕು ಮಂದಿಗೆ ಗೊತ್ತಿತ್ತರೀ. ನಮ್ಮಪ್ಪ, ನಮ್ಮವ್ವ, ನಾ, ಆಕಿ. ಐದನೇದಂದ್ರ ನಿಮ್ಮ ದವಾಖಾನಿ. ಮುಧೋಳದಾಗ ಬೀಗರಿಗೆ ಹೆಂಗ ಗೊತ್ತಾತು? ಲಗ್ನ ಇನ್ನ ಇಪ್ಪತ್ತು ದಿನ ಐತಿ. ಈಗ ತಡಿರಿ ಅಂತಾರ. ಆ ವಾರ್ಡಿನ್ಯಾಗ ನಿಮ್ಮ ಹುಡುಗ್ಯಾರ ಫೋನ್ ಹಿಡಕೊಂಡು ಓಡ್ಯಾಡೂದು ನಾ ಕಣ್ಣಾರೆ ನೋಡೇನಿ."

ಆ ರೋಗಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಈ ಕಥೆಯಲ್ಲಿ ಬರುವ ಅವಳ ಗುರುತುಗಳೂ ಅವಳವಲ್ಲ. ಬೇರೆ ಹಾಕಿದ್ದೇನೆ, ಊರುಗಳನ್ನೂ ಆಚೀಚೆ ಮಾಡಿದ್ದೇನೆ. ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ.

ತಿಂಗಳ ಹಿಂದಷ್ಟೇ ಬಾಗಲಕೋಟೆಯಿಂದ ಒಬ್ಬ ಸರ್ ಬಂದು ನಮಗೆ ಮೊಬೈಲ್ ಸುರಕ್ಷತೆಯ ಪಾಠ ಹೇಳಿ ಹೋಗಿದ್ದರು. ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದ್ದರು. ಫೋನಿಗೆ ಲಾಕ್ ಇರಬೇಕು, ಲಾಕನ್ನು ಯಾರಿಗೂ ತೋರಿಸಬಾರದು, ಸಿಕ್ಕಸಿಕ್ಕ ಆ್ಯಪ್ ಹಾಕಿಕೊಳ್ಳಬಾರದು, ರೋಗಿಯ ಹೆಸರು ಎಲ್ಲಿಯೂ ಬರಬಾರದು. ಕೊನೆಯ ಮಾತಿಗೆ ನಾನು ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದೆ. ಪಾಠ ಮುಗಿದ ಮೇಲೆ ಎಲ್ಲರೂ ಆ ಸರ್ ಜೊತೆ ಸೆಲ್ಫಿ ತೆಗೆಸಿಕೊಂಡು, ವಾರ್ಡಿಗೆ ಹೋಗಿ, ಎಂದಿನಂತೆ ರೋಗಿಗಳ ವಿವರ ಬರೆದ ಕೇಸ್ ಶೀಟಿನ ಫೋಟೊ ಹೊಡೆದುಕೊಂಡೆವು. ಹಾಸ್ಟೆಲ್ಲಿನಲ್ಲಿ ಕುಳಿತು ಕೇರ್ ಪ್ಲ್ಯಾನ್ ಬರೆಯಲು ಅದಿಲ್ಲದೆ ಆಗುತ್ತಿರಲಿಲ್ಲ.

ಟ್ರೇಯಲ್ಲಿ ನನ್ನ ಫೋನು ಬಂದಾಗ ಮೇಡಂ ನಕ್ಕೇಬಿಟ್ಟರು. "ಗಂಗಾಂಬಿಕಾ, ನಿಂದು ಲಾಕಽ ಇಲ್ಲಲ್ಲವಾ?"

"ಮುಚ್ಚಿಡೂವಂಥಾದ್ದು ಏನಿಲ್ಲರೀ ಮೇಡಂ," ಎಂದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು. ಮೇಡಂ ಫೋಟೊಗಳನ್ನು ಸರಸರ ಸರಿಸಿದರು. ಹೂವು, ಮೋಡ, ಹಿನ್ನೀರಿನಲ್ಲಿ ಮುಳುಗಿ ತಲೆ ಮಾತ್ರ ಉಳಿದ ಒಂದು ಗುಡಿ. ಕೇಸ್ ಶೀಟು ಎರಡೇ, ಅವೂ ಬೇರೆ ರೋಗಿಗಳವು. ಫೋನನ್ನು ನನ್ನ ಕೈಗಿತ್ತರು.

ಇಪ್ಪತ್ತೊಂದನೆಯದು ಪ್ರತಿಮಾಳದು. ಅವಳು ನನ್ನ ರೂಮಿನವಳು, ಬೀಳಗಿ ಕಡೆಯವಳು. ಅಪ್ಪ ಹುಲೆಪ್ಪ ಬಸ್ ಕಂಡಕ್ಟರ್. ಅವರ ಮನೆಯಿಂದ ಹೈಸ್ಕೂಲ್ ದಾಟಿದ ಮೊದಲ ಹುಡುಗಿ. ಆ ರೋಗಿ ವಾರ್ಡಿನಲ್ಲಿದ್ದ ಆರು ದಿನವೂ ಅವಳನ್ನು ನೋಡಿಕೊಂಡವರು ನಾವಿಬ್ಬರೇ.

"ತೆಗಿ," ಎಂದರು ಮೇಡಂ.

"ತೆಗಿಯೂದಿಲ್ಲರೀ."

"ಏನಂದಿ?"

"ಯಾರ ಕೇಳಿದ್ರೂ ಲಾಕ್ ತೋರಸಬ್ಯಾಡ್ರಿ ಅಂತ ನೀವಽ ಕಲಿಸೀರಲ್ಲರೀ. ಸರ್ ಹೇಳುಮುಂದ ನೀವಽ ಚಪ್ಪಾಳಿ ಹೊಡದ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. ಫೋನನ್ನು ಅವಳ ಮುಂದೆ ಇಟ್ಟು, "ಗುರುವಾರ ಸಂಜೀತನಕ ಟೈಮ್ ಕೊಡ್ತೀನಿ. ತೆಗದು ತೋರಸು. ಇಲ್ಲಾ, ನಿನ್ನ ಹಾಲ್ ಟಿಕೆಟ್ ಈ ಡ್ರಾ ಬಿಟ್ಟು ಹೊರಗ ಬರೂದಿಲ್ಲ," ಎಂದರು.

ಹಾಲ್ ಟಿಕೆಟ್ ಇಲ್ಲವೆಂದರೆ ಪರೀಕ್ಷೆಯಿಲ್ಲ. ಪರೀಕ್ಷೆಯಿಲ್ಲವೆಂದರೆ ಹುಲೆಪ್ಪ ಕಾಕಾ ಮಗಳನ್ನು ಇನ್ನೊಂದು ವರ್ಷ ಹಾಸ್ಟೆಲ್ಲಿನಲ್ಲಿ ಇಡುವವರಲ್ಲ. ಗಂಡು ನೋಡಿಟ್ಟಿದ್ದಾರೆಂದು ಅವಳೇ ಹೇಳಿದ್ದಳು. ಇಷ್ಟೆಲ್ಲ ಗೊತ್ತಿದ್ದೂ ಫೋನು ತೆರೆಯುವುದಿಲ್ಲವೆಂದರೆ ಒಳಗೆ ಏನೋ ಇದೆ. ನಾನು ಹಾಗೆ ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡರು.

ಸಂಶಯ ಒಮ್ಮೆ ಹೊಕ್ಕಿತೆಂದರೆ ಹಿಂದಿನದನ್ನೆಲ್ಲ ಅದು ಹೊಸದಾಗಿ ಓದಿಸುತ್ತದೆ. ಪ್ರತಿಮಾ ಫೋನನ್ನು ಯಾವಾಗಲೂ ಬೋರಲು ಇಡುತ್ತಿದ್ದಳು. ಕರೆ ಬಂದರೆ ನೀರಿನ ಟಾಕಿಯ ಹಿಂದೆ ಹೋಗಿ ಮಾತಾಡುತ್ತಿದ್ದಳು. ರಜೆಗೆ ಬೀಳಗಿಗೆ ಹೊರಟವಳನ್ನು ಎರಡು ಸಲ ಮುಧೋಳದ ಬಸ್ಸಿನಲ್ಲಿ ಕಂಡವರಿದ್ದರು. ಒಮ್ಮೆ ಅವಳ ಫೋನು ಹೊಳೆದಾಗ ಪರದೆಯ ಮೇಲೆ 'ತಿಮ್ಮಾಪುರ' ಅಂತಷ್ಟೇ ಇತ್ತು. ಮನುಷ್ಯರ ಹೆಸರಿಗೆ ಯಾರಾದರೂ ಊರ ಹೆಸರು ಇಟ್ಟುಕೊಳ್ಳುತ್ತಾರೆಯೇ? ತಿಮ್ಮಾಪುರ ಮುಧೋಳ ತಾಲೂಕಿನದು. ಬೀಗರೂ ಮುಧೋಳದವರು. ದಾರ ತಾನಾಗಿಯೇ ಗಂಟು ಬಿತ್ತು.

ಮೆಸ್ಸಿನಲ್ಲಿ ಅವಳ ಎಡಬಲ ಖಾಲಿ ಉಳಿಯಿತು. ಮಂಗಳವಾರ ಮಧ್ಯಾಹ್ನ ನಾನೂ ನನ್ನ ತಾಟು ಎತ್ತಿಕೊಂಡು ಬೇರೆ ಸಾಲಿಗೆ ಹೋದೆ. ಅವಳು ರೊಟ್ಟಿ ಮುರಿಯುತ್ತ, ತಲೆ ಎತ್ತದೆ, "ಹೋಗವಾ, ಅಲ್ಲಿ ಪಲ್ಯ ಬಿಸಿ ಐತಿ," ಎಂದಳು.

ಬುಧವಾರ ಬೆಳಿಗ್ಗೆ ಅವಳು ಬಿಸಿನೀರು ತರಲು ಬಕೆಟ್ ಹಿಡಿದು ಕೆಳಗೆ ಹೋದಳು. ಫೋನು ಹಾಸಿಗೆಯ ಮೇಲಿತ್ತು. ಕಿಟಕಿಯಿಂದ ಎಳೆಬಿಸಿಲು ಓರೆಯಾಗಿ ಬೀಳುತ್ತಿತ್ತು. ತಲೆಗೆ ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ಮುಟ್ಟಿದ್ದಳೇನೋ, ಗಾಜಿನ ಮೇಲೆ ಬೆರಳಿನ ಜಾಡು ರಂಗೋಲಿಯ ಎಳೆಯಂತೆ ಹೊಳೆಯುತ್ತಿತ್ತು. ಮೇಲಿಂದ ಕೆಳಗೆ, ಅಲ್ಲಿಂದ ಬಲಕ್ಕೆ, ಮತ್ತೆ ನಡುವಿಗೆ. ಆ ಜಾಡಿನ ಮೇಲೆ ನನ್ನ ಬೆರಳು ಎಳೆದೆ. ಮೊದಲ ಸಲ ತಪ್ಪಿತು. ಎರಡನೆಯ ಸಲ ತಿರುಗಿಸಿ ಎಳೆದೆ. ತೆರೆಯಿತು.

ಒಳಗೆ ನಾಯಿಮರಿಗಳಿದ್ದವು.

ನೂರಾರು ಫೋಟೊ. ಚೂಪು ಮೂತಿಯ, ಉದ್ದ ಕಾಲಿನ, ಓಟಕ್ಕೆ ಹೆಸರಾದ ಮುಧೋಳ ನಾಯಿಮರಿಗಳು. ತಾಯಿಯ ಹೊಟ್ಟೆಗೆ ಅಂಟಿಕೊಂಡವು, ತೂಕದ ತಟ್ಟೆಯಲ್ಲಿ ಕುಳಿತವು, ಖಾಕಿ ಅಂಗಿಯ ತರುಣನೊಬ್ಬನ ಕಿಸೆಯಿಂದ ಇಣುಕುವವು. 'ತಿಮ್ಮಾಪುರ' ಅಂದರೆ ಅಮೋಲ, ಅಲ್ಲಿನ ನಾಯಿ ಕೇಂದ್ರದಲ್ಲಿ ಕೆಲಸಕ್ಕಿರುವವನು. ಅವನ ಸಂದೇಶಗಳಲ್ಲಿ ಪ್ರೀತಿಯ ಮಾತು ಹುಡುಕಿದರೂ ಕಡಿಮೆ. "ಇವತ್ತು ಮೂರು ಮರಿ ಕಣ್ಣ ತಗದ್ವು." "ಕರೀದು ಹಾಲ ಕುಡಿಯವಲ್ದು. ನೀ ನರ್ಸ್ ಅಲ್ಲ, ಏನರ ಹೇಳು."

ಕೇಸ್ ಶೀಟಿನ ಫೋಟೊಗಳೂ ಇದ್ದವು. ಆ ರೋಗಿಯದೂ ಇತ್ತು. ಆದರೆ ಪ್ರತಿಯೊಂದರಲ್ಲೂ ಹಾಳೆಯ ಮೇಲಿನ ಕಾಲುಭಾಗದ ಮೇಲೆ ಪ್ರತಿಮಾಳ ಅಂಗೈ ಅಡ್ಡವಾಗಿ ಮಲಗಿತ್ತು. ಹೆಸರು, ಊರು, ತಂದೆ, ವಯಸ್ಸು ಎಲ್ಲ ಆ ಕೈಯಡಿ. ಬಳೆಯ ಅಂಚು ಮಾತ್ರ ಕಾಣುತ್ತಿತ್ತು.

"ಸಿಕ್ತೇನು?"

ಬಾಗಿಲಲ್ಲಿ ಅವಳು ನಿಂತಿದ್ದಳು. ಬಕೆಟ್ಟಿನಿಂದ ಹಬೆ ಏಳುತ್ತಿತ್ತು.

ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ನಾಯಿಮರಿ."

"ಹೂಂ. ನಾಯಿಮರಿನಽ. ಅಳಿಸಿ ತೋರಸಿದ್ರ ಕದ್ದದ್ದು ಅಳಿಸ್ಯಾಳ ಅಂತಾರ. ಮೇಡಂ ನೋಡಿದ್ರ ನಮ್ಮಪ್ಪಗ ಫೋನ್ ಹಚ್ಚತಾರ. ಅವರಿಬ್ಬರ ನಂಬರ ಒಬ್ಬರ ಕಡೆ ಒಬ್ಬರದು ಐತಿ. ಪರೀಕ್ಷೆ ಅತ್ತಾಗ ಇರ್ಲಿ, ಮನಿ ಕಟ್ಟೀನೂ ಇಳಿಯಾಕ ಬಿಡೂದಿಲ್ಲ ಅಂವ." ಬಕೆಟ್ ಕೆಳಗಿಟ್ಟು ನನ್ನ ಕೈಯಿಂದ ಫೋನು ಕಿತ್ತುಕೊಂಡು ಸೆರಗಿನಿಂದ ಗಾಜನ್ನು ಗಸಗಸ ಒರೆಸಿದಳು. "ಕಳ್ಳಿ ನೀ. ಇನ್ನ ನಿಂದು ತಾ ಇಲ್ಲೆ. ನಾನೂ ನೋಡ್ತೀನಿ."

"ನಂದು ಮೇಡಂ ನೋಡ್ಯಾರಲ್ಲ."

"ಫೋಟೊ ನೋಡ್ಯಾರ. ತಾ."

ಕೊಟ್ಟೆ. ಕೊಡದಿರಲು ನನಗೆ ಯಾವ ಮುಖವಿತ್ತು? ಅವಳು ಫೋಟೊಗಳತ್ತ ಹೋಗಲೇ ಇಲ್ಲ. ನೇರ ವಾಟ್ಸಾಪ್ ತೆರೆದು, ಎಲ್ಲಕ್ಕಿಂತ ಮೇಲೆ ಕಂಡ 'ಗುರುಸಿದ್ದ ಕಾಕಾ' ಅನ್ನುವುದನ್ನು ಒತ್ತಿದಳು. ಅವನು ನಮ್ಮ ಅಪ್ಪನ ತಮ್ಮ.

ಅಲ್ಲಿ ಬರಹ ಇಲ್ಲ, ಧ್ವನಿ ಮಾತ್ರ. ನಮ್ಮ ಊರು ರನ್ನ ಬೆಳಗಲಿ. ಆಯಿಗೆ ಓದು ಬಾರದು, ಅವಳ ಹತ್ತಿರ ಫೋನೂ ಇಲ್ಲ. ಅದಕ್ಕೆ ಪ್ರತಿ ರವಿವಾರ ನಾನು ಕಾಕಾನ ಫೋನಿಗೆ ಒಂದು ಕಥೆ ಹೇಳಿ ಕಳಿಸುತ್ತಿದ್ದೆ, ಅದು ಪ್ರತಿಮಾಳಿಗೆ ಗೊತ್ತಿತ್ತು. ಹನ್ನೆರಡು ವರ್ಷ ಅವಳು ನನಗೆ ಹೇಳಿದ್ದಳು, ಈಗ ನನ್ನ ಪಾಳಿ. ಹೊಸ ಕಥೆ ಎಲ್ಲಿಂದ ತರಲಿ? ವಾರ್ಡಿನಲ್ಲಿ ಕಂಡದ್ದಕ್ಕೆ ಕಿರೀಟ ತೊಡಿಸಿ ಹೇಳುತ್ತಿದ್ದೆ. ರೋಗಿಗಳ ಹೆಸರು ಮಾತ್ರ ಎಂದೂ ಹೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹೆಸರಿನ ಮರ್ಯಾದೆ ದೊಡ್ಡದು. ಆಯಿ ಇವತ್ತಿಗೂ ಅಜ್ಜನ ಹೆಸರು ಬಾಯಲ್ಲಿ ತರುವುದಿಲ್ಲ. ತೀರಾ ಹೇಳಲೇಬೇಕಾದರೆ ಹೆಸರು ಅಡಗಿಸಿದ ಒಡಪು ಕಟ್ಟಿ, ನಾಚಿಕೊಂಡು, ಕೊನೆಗೊಮ್ಮೆ ಅಂದುಬಿಡುತ್ತಾಳೆ. ಹೆಸರು ಬಿಟ್ಟರೆ ಉಳಿದದ್ದೆಲ್ಲ ಹೇಳಬಹುದು, ಅದು ಸಲೀಸು ಅಂತ ನಾನು ತಿಳಿದಿದ್ದೆ. ಸರ್ ಹೇಳಿದ್ದೂ ಹೆಸರಿನ ಬಗ್ಗೆಯೇ ಅಲ್ಲವೇ, ಎರಡು ಕೆಂಪು ಗೆರೆ.

ಪ್ರತಿಮಾ ಮೂರು ವಾರ ಹಿಂದಿನದನ್ನು, ಆ ರೋಗಿ ವಾರ್ಡಿನಲ್ಲಿದ್ದಾಗಿನದನ್ನು ಒತ್ತಿದಳು. ಹನ್ನೊಂದು ನಿಮಿಷದ್ದು. ರೂಮಿನ ತುಂಬ ನನ್ನದೇ ದನಿ ತುಂಬಿತು.

"ಕೇಳ ಆಯಿ. ಒಂದೂರಾಗ ಒಬ್ಬ ನೇಕಾರ ರಾಜ ಇದ್ದ. ಅವನ ಎಡಗೈಗೆ ನಾಕಽ ಬೆರಳು. ಐದನೇದು ಮಗ್ಗದ ದೇವಿಗಿ ಕೊಟ್ಟಿದ್ದ. ಅರಮನಿ ಮುಂದ ಹಿಟ್ಟಿನ ಗಿರಣಿ, ಹಿಂದ ಕರೇಬಾಂವಿ. ಅವಗ ಇಬ್ಬರು ಹೆಣ್ಣಮಕ್ಕಳು. ಹಿರೇಕೀನ ತೇರದಾಳಕ್ಕ ಕೊಟ್ಟಿದ್ದ. ಸಣ್ಣಾಕಿಗೆ ಗಾಳಿಗಿಂತ ಜೋರ ಓಡೋ ನಾಯಿಗೋಳ ದೇಶದಿಂದ ಒಬ್ಬ ರಾಜಕುಮಾರ ಬಂದ, ಟ್ರ್ಯಾಕ್ಟರ್ ಮಾರೋ ರಾಜಕುಮಾರ..."

ಪ್ರತಿಮಾ ನನ್ನನ್ನು ನೋಡಲಿಲ್ಲ. ಫೋನನ್ನೇ ನೋಡುತ್ತಿದ್ದಳು.

"...ಆದ್ರ ಸಣ್ಣಾಕೀನ ಒಂದು ಕಾಣಲಾರದ ಕೈ ಹಿಡದು ಜಗ್ಗಾಡತಿತ್ತು. ಆಕಿ ನೆಲಕ್ಕ ಬಿದ್ದು ಹಲ್ಲ ಕಚ್ಚತಿದ್ಲು. ಯಾರಿಗೂ ಹೇಳಬ್ಯಾಡ್ರಿ ಅಂದ ರಾಜ..."

"ಸಾಕು," ಎಂದೆ.

"ಇನ್ನ ಎಂಟ ನಿಮಿಷ ಐತಿ," ಎಂದಳು ಅವಳು. ಆದರೂ ನಿಲ್ಲಿಸಿದಳು.

ಬಕೆಟ್ಟಿನ ಹಬೆ ಆರಿತ್ತು. ಕಾಕಾಗೆ ಫೋನು ಹಚ್ಚಿದೆ.

"ಕಾಕಾ, ಮೂರು ವಾರದ ಹಿಂದ ಕಳಿಸಿದ್ದ ಕತಿ, ಅದನ್ನ ಮತ್ತ ಯಾರಿಗರ ಕಳಿಸೀಯೇನು?"

"ಯಾರ‍್ಯಾರಿಗಿ ಅಂತ ಹೇಳಲಿ ಮಗಳ? ನಮ್ಮ ಬೀಗರ ಬಳಗದ ವಾಟ್ಸಾಪ್ ಗುಂಪಿನ್ಯಾಗ ಹಾಕೇನಿ. ಮಂದಿ ಕುಣದಾಡ್ಯಾರ! ಮುಧೋಳ ಶಂಕರೆಪ್ಪ ಅಂತೂ, ಇಂಥಾ ಕತಿ ಹೇಳೋ ಹುಡುಗಿ ದವಾಖಾನ್ಯಾಗ ಯಾಕ ಕೂತಾಳ, ರೇಡಿಯೋದಾಗ ಕುಂಡ್ರಸ್ರಿ ಅಂದ. ಯಾಕ, ಏನಾತು?"

ಹೇಳಿದೆ. ಆಮೇಲೆ ಫೋನು ಕೈ ಬದಲಾದ ಸದ್ದು. ಆಯಿ ಕೇಳಿಸಿಕೊಂಡಿದ್ದಳು.

"ಹೆಸರ ಹೇಳಿಲ್ಲ ಆಯಿ ನಾ," ಎಂದೆ. ಅಷ್ಟು ಹೊತ್ತಿಗೆ ಅಳು ಬಂದಿತ್ತು. "ಒಮ್ಮೀನೂ ಹೇಳಿಲ್ಲ."

"ಹೌದು ಬಿಡವ್ವ, ಹೇಳಿಲ್ಲ." ಆಯಿ ನಿಧಾನ ಮಾತಾಡಿದಳು. "ನಾನೂ ನಿಮ್ಮಜ್ಜನ ಹೆಸರ ಐವತ್ತು ವರ್ಷ ಹೇಳಿಲ್ಲ. ಅಷ್ಟಕ್ಕ ನಾ ಯಾರ ಹೇಂತಿ ಅಂತ ಊರಿಗೆ ಗೊತ್ತಾಗ್ಲಿಲ್ಲೇನು?"

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಾಕಾ ಮತ್ತೆ ಬಂದ. "ನಾ ಅಳಸ್ತೀನಿ ಮಗಳ, ಈಗಿಂದೀಗ ಅಳಸ್ತೀನಿ. ನಿನ್ನ ದನಿ ಅಂತ ಜಮಖಂಡ್ಯಾಗ ಯಾರಿಗ ಗೊತ್ತೈತಿ? ಸುಮ್ಮನ ಪರೀಕ್ಷೆ ಬರಿ ನೀ."

ಅವನ ಫೋನಿನಿಂದ ಅಳಿಸಿದರೆ ಉಳಿದವರ ಫೋನಿನಿಂದ ಹೋಗುವುದಿಲ್ಲ. ಅದು ನನಗೂ ಗೊತ್ತಿತ್ತು. ಆದರೆ ಅವನ ಎರಡನೆಯ ಮಾತು ಕಿವಿಯಲ್ಲೇ ಕುಳಿತಿತ್ತು. ಖರೆ, ಯಾರಿಗೆ ಗೊತ್ತು? ಮೇಡಂ ಹುಡುಕುತ್ತಿದ್ದುದು ಫೋಟೊ. ಊರೆಲ್ಲ ಸಂಶಯಪಡುತ್ತಿದ್ದುದು ಪ್ರತಿಮಾಳನ್ನು. ನಾನು ಬಾಯಿ ಮುಚ್ಚಿದರೆ ಆಯಿತು.

ಪ್ರತಿಮಾ ತಣ್ಣಗಾದ ನೀರಿನ ಬಕೆಟ್ ಎತ್ತಿಕೊಂಡಳು. "ನಾ ಯಾರ ಮುಂದೂ ಹೇಳೂದಿಲ್ಲ," ಎಂದಳು. "ನೀ ನನ್ನ ಫೋನ್ ತಗದಂಗ ನಾ ನಿನ್ನ ಬಾಯಿ ತಗಿಯೂದಿಲ್ಲ."

ಆ ದಿನ ವಾರ್ಡಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಔಷಧಿ ಕೊಡುವ ಸಿಸ್ಟರ್ "ಏನವಾ, ಕತಿಗಾರ್ತಿ?" ಎಂದಾಗ ಮುಖ ಅತ್ತ ತಿರುಗಿಸಿದೆ. ಅವರು ಮೊದಲಿನಿಂದಲೂ ಹಾಗೇ ಕರೆಯುತ್ತಿದ್ದರು. ಒಬ್ಬ ಅಜ್ಜಿ ಫೋನು ಕಿವಿಗಿಟ್ಟು ನಕ್ಕಳು. ಯಾವ ಕಥೆ ಕೇಳುತ್ತಿದ್ದಾಳೆ? ಎರಡು ದಿನ ಪ್ರತಿಮಾ ಹೀಗೆಯೇ ನಡೆದಾಡಿದ್ದಳು, ಏನೂ ಮಾಡದೆ.

ಗುರುವಾರ ಮಧ್ಯಾಹ್ನ ಮೇಡಂ ರೂಮಿಗೆ ಹೋದೆ. ಫೋನನ್ನು ಟೇಬಲ್ ಮೇಲಿಟ್ಟು ಕಥೆ ಹಚ್ಚಿದೆ. ಮೇಡಂ ಮೊದಲು ಮುಗುಳ್ನಕ್ಕರು. ನಾಲ್ಕು ಬೆರಳಿಗೆ ಬಂದಾಗ ನಗು ನಿಂತಿತು. ತೇರದಾಳ ಬಂದಾಗ ಪೆನ್ನು ಕೆಳಗಿಟ್ಟರು. ಹನ್ನೊಂದು ನಿಮಿಷವೂ ಕೇಳಿದರು. ಕಥೆಯ ಕೊನೆಯಲ್ಲಿ ರಾಜಕುಮಾರಿ ದಿನಕ್ಕೆರಡು ಬಿಳಿ ಗುಳಿಗೆ ನುಂಗಿ ಗುಣವಾಗಿ ಲಗ್ನವಾಗುತ್ತಾಳೆ. ವಾಲಗದ ಸದ್ದನ್ನೂ ನಾನೇ ಬಾಯಿಂದ ಮಾಡಿದ್ದೆ.

ಮೇಡಂ ಡ್ರಾ ಎಳೆದು ಎರಡು ಹಾಲ್ ಟಿಕೆಟ್ ತೆಗೆದರು. ಒಂದನ್ನು ನನ್ನ ಮುಂದೆ ದೂಡಿದರು. "ಇದನ್ನ ಪ್ರತಿಮಾಗ ಕೊಡು. ನಾ ಕರದೇನಿ ಅಂತ ಹೇಳು, ಆಕೀ ಮುಂದ ನನಗೂ ಒಂದು ಮಾತಾಡೂದೈತಿ." ಇನ್ನೊಂದನ್ನು ಡ್ರಾ ಒಳಗೆ ಹಾಕಿ ಕೀಲಿ ತಿರುಗಿಸಿದರು. ಅದು ನನ್ನದು.

ಪ್ರತಿಮಾ ಹಾಲ್ ಟಿಕೆಟ್ ತೆಗೆದುಕೊಂಡಳು, ಹೆಸರು ಸರಿ ಇದೆಯೇ ನೋಡಿದಳು, ಪುಸ್ತಕದೊಳಗಿಟ್ಟಳು.

ಮೇಡಂ ಆ ಮನೆಗೆ ವಿಷಯ ತಿಳಿಸಿದ್ದರು, ಶುಕ್ರವಾರ ಆ ರೋಗಿ ಹುಡುಗಿಯೇ ಬಂದಳು. ಅಣ್ಣ ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತಿದ್ದ. ಒಳಗೆ ಬರುವುದು ಬೇಡವೆಂದು ಅವಳೇ ಹೇಳಿದ್ದಳಂತೆ. ನನಗಿಂತ ಎರಡು ವರ್ಷ ಚಿಕ್ಕವಳು. ಕಾಲಿಗೆ ಬೀಳಲು ಹೋದೆ. ಹಿಂದೆ ಸರಿದಳು.

"ನಿಶ್ಚಯದಾಗ ಕೊಟ್ಟ ಸೀರಿ ನಿನ್ನೆ ವಾಪಸ್ ಕಳಿಸ್ಯಾರ. ಲಗ್ನ ಮುರೀತು," ಎಂದಳು.

ನಾನು ತಲೆ ತಗ್ಗಿಸಿದೆ.

"ಅದಕ್ಕ ನಾ ಅಳೂದಿಲ್ಲ. ಡಾಕ್ಟರ್ ಹೇಳಿದ್ರು, ಗುಳಿಗಿ ತಪ್ಪಸಬ್ಯಾಡ, ಲಗ್ನ ಆಗಬೌದು, ಮಕ್ಕಳೂ ಆಗ್ತಾವು, ಆದ್ರ ಹುಡುಗಗ ಮೊದಲಽ ಹೇಳು ಅಂತ. ನಾ ಹೇಳಾಕಿ ಇದ್ದೆ ಅಕ್ಕಾ. ಅಪ್ಪಗ ಗೊತ್ತಿಲ್ಲದಂಗ. ಮುಂದಿನ ಸೋಮವಾರ ಅಂವ ಲಗ್ನದ ಸೀರಿ ಆರಿಸಾಕ ಬರಾಂವ ಇದ್ದ. ಹೆಂಗ ಸುರು ಮಾಡ್ಲಿ, ಏನಂತ ಹೇಳ್ಲಿ ಅಂತ ಕನ್ನಡಿ ಮುಂದ ನಿಂತು ಹದಿನೈದು ದಿನ ಮಾತ ಜೋಡಿಸೀನಿ." ಅವಳ ದನಿ ಏರಲಿಲ್ಲ. "ಅಂವ ನನ್ನ ಬಾಯಿಂದ ಕೇಳಿ ಬ್ಯಾಡ ಅಂದಿದ್ರ ಅದು ಬ್ಯಾರೆ. ನಿನ್ನ ಬಾಯಿಂದ ಕೇಳಿದ, ವಾಲಗದ ಸಪ್ಪಳ ಸೈತ."

ನಾನು ಫೋನು ತೆಗೆದು ಅವಳ ಕಣ್ಣೆದುರೇ ಆ ಕಥೆ ಅಳಿಸಿದೆ.

"ಅಳಿಸಿ ಬಾ," ಎಂದಳು ಅವಳು. "ಎಲ್ಲೆಲ್ಲಿ ಹೋಗೇತಿ ಅಲ್ಲೆಲ್ಲಾ ನೀನಽ ಹೋಗಿ. ಫೋನ್ ಹಚ್ಚಿ ಹೇಳಬ್ಯಾಡ. ಹೋಗು."

ಕಾಕಾನ ಗುಂಪಿನಲ್ಲಿ ಇಪ್ಪತ್ಮೂರು ಮಂದಿ ಇದ್ದರು. ಪ್ರತಿಮಾ ಪರೀಕ್ಷೆ ಬರೆಯುತ್ತಿದ್ದ ದಿನಗಳಲ್ಲಿ ನಾನು ಬಸ್ಸಿನಲ್ಲಿದ್ದೆ. ರಬಕವಿ, ಮಹಾಲಿಂಗಪುರ, ಬೀಳಗಿ. ನಮ್ಮ ಬೀಗರ ಮನೆಗಳಿಗೆ ಹೋದರೆ ಚಹಾ ಕುಡಿಯದೆ ಏಳುವಂತಿಲ್ಲ, ಚುರುಮುರಿ ತಿನ್ನದೆ ಬಿಡುವುದಿಲ್ಲ. ಆಮೇಲೆ ಮೆಲ್ಲಗೆ ಕೇಳುತ್ತಿದ್ದೆ, ಆ ಕಥೆ ಅಳಿಸಬೇಕಿತ್ತು ಅಂತ. ಕೆಲವರು ಏನೂ ಕೇಳದೆ ಫೋನು ಕೊಟ್ಟರು. ಒಬ್ಬರು, "ಅಯ್ಯ, ನಾ ಅದನ್ನ ಕೇಳಿಽ ಇಲ್ಲ, ಹಚ್ಚು ನೋಡೂಣು," ಎಂದು ಕಿವಿಗಿಟ್ಟುಕೊಂಡರು. ಇನ್ನೊಬ್ಬರು ಮತ್ತೆ ನಾಲ್ಕು ಮಂದಿಗೆ ಕಳಿಸಿದ್ದರು. ಪಟ್ಟಿ ಸವೆಯುವ ಬದಲು ಬೆಳೆಯಿತು.

ಹದಿನೇಳನೆಯ ಮನೆ ಮುಧೋಳದಲ್ಲಿ, ಶಂಕರೆಪ್ಪನದು. ಅವನು ಹೊಲಕ್ಕೆ ಹೋಗಿದ್ದ. ಫೋನು ಅವನ ತಾಯಿ ತಾಯವ್ವನ ಹತ್ತಿರವಿತ್ತು, ಉಡಿಯಲ್ಲಿ ಎಲೆ-ಅಡಿಕೆ ಚೀಲದ ಜೊತೆ. ನನ್ನ ಮಾತೆಲ್ಲ ಕೇಳಿ ಅವಳು ಫೋನನ್ನು ಇನ್ನೂ ಒಳಗೆ ಸೇರಿಸಿಕೊಂಡಳು.

"ಯಾಕ ಅಳಸಬೇಕವಾ? ಛಲೋ ಐತಿ ಕತಿ. ಖರೇದೇನು ಅದು?"

"ಇಲ್ಲರೀ ಅಮ್ಮಾ. ಸುಳ್ಳಕತಿ. ನಾನಽ ಕಟ್ಟಿದ್ದು."

ಅವಳು ನನ್ನ ಧೂಳು ಹಿಡಿದ ಕಾಲು ನೋಡಿದಳು, ಬೆವರಿನ ಮುಖ ನೋಡಿದಳು.

"ಸುಳ್ಳಿದ್ರ ಅಳಸಾಕ ಈ ಬಿಸಲಾಗ ಇಷ್ಟು ದೂರ ಬರ್ತಿದ್ದಿಲ್ಲ ನೀ," ಎಂದು ಹತ್ತಿರ ಸರಿದು ಕುಳಿತಳು. ದನಿ ಇಳಿಯಿತು. "ಯಾರ ಮಗಳದು? ನನ್ನ ಮುಂದ ಹೇಳು. ನಾ ಯಾರ ಮುಂದೂ ಆಡೂದಿಲ್ಲ."

ನಾನು ಫೋನಿಗೆ ಕೈ ಚಾಚಿದೆ. ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು ಕುಳಿತೆ. ಹೆಸರಿಗಾಗಿ ಅವಳು, ಫೋನಿಗಾಗಿ ನಾನು. ಬಾಗಿಲ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಮುಧೋಳದಿಂದ ಜಮಖಂಡಿಗೆ ಹೊರಡುವ ಎರಡು ಬಸ್ಸು ಹೋದವು.